ಕ್ಯಾರಿಯರಿನ ಮೇಲೆ ಕೂತು ಆರಿಸಿದ ಸೈಕಲ್

ರಸ್ತೆಯಲ್ಲಿ ಯಾರದಾದರೂ ಸೈಕಲ್ ನಿಂತಿದ್ದರೆ ನನ್ನ ಕಣ್ಣು ಮೊದಲು ಹೋಗುವುದು ಅದರ ಹಿಂಬದಿಗೆ. ಬಣ್ಣ ಯಾವುದು, ಬ್ರೇಕು ಎಂಥದು ಎಂಬುದೆಲ್ಲ ಆಮೇಲೆ. ಕ್ಯಾರಿಯರ್ ಇದೆಯೋ ಇಲ್ಲವೋ, ಇದ್ದರೆ ಅಗಲ ಎಷ್ಟು, ಒಬ್ಬ ಮನುಷ್ಯ ಕೂತರೆ ತಡೆದೀತೋ ಇಲ್ಲವೋ ಎಂದು ಕಣ್ಣಲ್ಲೇ ಅಳೆಯುತ್ತ ನಿಂತುಬಿಡುತ್ತೇನೆ. ಸೈಕಲ್ಲಿನ ಯಜಮಾನ ಬಂದು ಅನುಮಾನದಿಂದ ನೋಡಿದ್ದೂ ಉಂಟು. ಮಗಳಿಗೆ ಸೈಕಲ್ ಕೊಡಿಸಲು ಹೋದಾಗಲೂ ಹೀಗೇ ಆಯಿತು. ಅವಳು ಮೆಚ್ಚಿದ ಸೈಕಲ್ಲಿಗೆ ಹಿಂದೆ ಏನೂ ಇರಲಿಲ್ಲ. ಚಕ್ರ, ಅದರ ಮೇಲೆ ಬರೀ ಗಾಳಿ.

“ಇದರ ಹಿಂದ ಯಾರ ಕುಂದರ್ತಾರ?” ಎಂದು ಕೇಳಿದೆ.

“ಯಾರೂ ಕುಂದ್ರೂದಿಲ್ಲ. ಅದಕ್ಕ ಇದು ಹಗುರ ಐತಿ,” ಎಂದಳು.

ಅವಳು ಹೇಳಿದ್ದು ಸರಿಯೇ. ಅದನ್ನೇ ಕೊಡಿಸಿದೆ. ಆದರೆ ನಾನು ಸೈಕಲ್ ಆರಿಸುವುದನ್ನು ಕಲಿತದ್ದು ನನ್ನ ಅತ್ತೆಯ ಹತ್ತಿರ. ಆಕೆ ಜೀವಮಾನದಲ್ಲಿ ಒಮ್ಮೆಯೂ ಪೆಡಲ್ ತುಳಿದವರಲ್ಲ.

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷ ಕಳೆದಿದ್ದವು. ವಿಜಾಪುರದ ಹುಡುಗಿಯಾದ ನಾನು ಮದುವೆಯಾಗಿ ಗಡಿಯಾಚೆ, ಮಹಾರಾಷ್ಟ್ರದ ಜತ್ತಿಗೆ ಬಂದಿದ್ದೆ. ಗಂಡ ಇಸ್ಮಾಯಿಲ್ ಲಾರಿ ಓಡಿಸುತ್ತಿದ್ದರು. ಒಣದ್ರಾಕ್ಷಿ, ದಾಳಿಂಬೆ ಹೇರಿಕೊಂಡು ಹೋದರೆ ವಾರಗಟ್ಟಲೆ ಮನೆಯ ಕಡೆ ಬರುತ್ತಿರಲಿಲ್ಲ. ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಅತ್ತೆ ಹುಸೇನಬಿ. ಒಳಗೆ ದಖನಿ ಉರ್ದು, ಅಂಗಳಕ್ಕೆ ಬಂದರೆ ಕನ್ನಡ, ಕಚೇರಿಗೆ ಹೋದರೆ ಮರಾಠಿ, ಇದು ನಮ್ಮ ಮನೆಯ ಪದ್ಧತಿ. ಅತ್ತೆಗೆ ಸಿಟ್ಟು ಬಂದರೆ ದಖನಿ ಬರುತ್ತಿತ್ತು, ವ್ಯವಹಾರದ ಮಾತಾದರೆ ಕನ್ನಡ. ಆಕೆ ಯಾವ ಭಾಷೆಯಲ್ಲಿ ಬಾಯಿ ತೆರೆಯುತ್ತಾರೆ ಎಂಬುದರ ಮೇಲೆಯೇ ನನ್ನ ದಿನ ಹೇಗೆ ಹೋಗುತ್ತದೆ ಎಂದು ಗೊತ್ತಾಗುತ್ತಿತ್ತು.

ಮುಚ್ಚಂಡಿಯ ಕನ್ನಡ ಸಾಲೆಯಲ್ಲಿ ನನಗೆ ಶಿಕ್ಷಣ ಸೇವಕಿಯ ಕೆಲಸ ಸಿಕ್ಕಿತು. ಮೊದಲ ಕೆಲವು ವರ್ಷ ಸಂಬಳವಿಲ್ಲ, ಮಾನಧನ. ಅದರಲ್ಲಿ ಮಾನ ಹೆಚ್ಚು, ಧನ ಕಡಿಮೆ. ಆ ವರ್ಷಗಳನ್ನು ಯಾವ ತಕರಾರೂ ಇಲ್ಲದೆ ದಾಟಿದರೆ ನೌಕರಿ ಕಾಯಂ. ನನ್ನ ತಕರಾರು ಇದ್ದದ್ದು ಬೆಳಗಿನ ಬಸ್ಸಿನಲ್ಲಿ. ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದ ದಿನವೂ ನಾನು ಸಾಲೆಯ ಗೇಟು ಮುಟ್ಟುವಾಗ ಪ್ರಾರ್ಥನೆ ಮುಗಿದು ಮಕ್ಕಳು ಚಪ್ಪಲಿ ಹುಡುಕುತ್ತಿರುತ್ತಿದ್ದರು. ಹೆಡ್‌ಮಾಸ್ತರರು ಮೆದು ಸ್ವಭಾವದವರು. ಒಂದು ದಿನ ಹತ್ತಿರ ಕರೆದು, “ಅಕ್ಕೋರ, ನಾ ಏನೂ ಅನ್ನೂದಿಲ್ರಿ. ಆದ್ರ ಮ್ಯಾಲಿನವ್ರು ಬಂದು ಕೇಳಿದ್ರ ನಾ ಏನ ಹೇಳ್ಬೇಕು, ನೀವ ಹೇಳ್ರಿ,” ಎಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆ. ಹೀಗೆ ಕೇಳಿದ ಮೇಲೆ ನಿದ್ದೆ ಬರಲಿಲ್ಲ.

ಸೈಕಲ್ ತೆಗೆದುಕೊಳ್ಳಬೇಕು ಎಂದು ನಿಶ್ಚಯಿಸಿದ್ದು ಆಗ. ನಮ್ಮ ಮನೆ ಊರಿನ ಅಂಚಿಗೆ, ಮುಚ್ಚಂಡಿಯ ಕಡೆಗೇ ಇತ್ತು. ಕಚ್ಚಾ ದಾರಿ, ನಡುವೆ ಒಂದು ಏರು. ಆದರೂ ಸೈಕಲ್ ಇದ್ದರೆ ಬಸ್ಸಿನ ಹಂಗಿಲ್ಲ.

ಸೈಕಲ್ ನನಗೆ ಬರುತ್ತಿತ್ತು ಎಂದು ಹೇಳುವಾಗ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಬೇಕು. ವಿಜಾಪುರದ ನಮ್ಮ ಓಣಿಯ ತುದಿಯಲ್ಲಿ ತಾಸಿನ ಬಾಡಿಗೆಗೆ ಸೈಕಲ್ ಕೊಡುವ ಅಂಗಡಿಯಿತ್ತು. ಅಲ್ಲಿದ್ದ ಸಣ್ಣ ಸೈಕಲ್‌ಗಳಲ್ಲಿ ಒಂದಕ್ಕೆ ಗಂಟೆ ಇದ್ದರೆ ಬ್ರೇಕು ಇಲ್ಲ, ಇನ್ನೊಂದಕ್ಕೆ ಬ್ರೇಕು ಇದ್ದರೆ ಸೀಟು ತಿರುಗುತ್ತಿತ್ತು. ಗಂಟೆ ಇದ್ದದ್ದನ್ನೇ ನಾನು ಯಾವಾಗಲೂ ಆರಿಸುತ್ತಿದ್ದೆ. ನಿಲ್ಲುವುದಕ್ಕಿಂತ ಸದ್ದು ಮಾಡುವುದರಲ್ಲಿ ನನಗೆ ಆಸಕ್ತಿ ಹೆಚ್ಚು. ಹಾಗೆ ಗಂಟೆ ಬಾರಿಸುತ್ತಲೇ ಒಂದು ಸಂಜೆ ಉಳ್ಳಾಗಡ್ಡಿಯ ರಾಶಿಯೊಳಗೆ ಹೋಗಿ ಕೂತೆ. ರಾಶಿಯ ಯಜಮಾನಿ ನನ್ನನ್ನು ಎಬ್ಬಿಸಿ, ಮೈಮೇಲಿನ ಸಿಪ್ಪೆ ಕೊಡವಿ, “ನಿನಗ ಗಂಟಿ ಕಂಡ್ತು, ನಾ ಕಾಣಲಿಲ್ಲೇನ?” ಎಂದು ಕೇಳಿದ್ದಳು. ಮದುವೆಯಾದ ಮೇಲೆ ಈ ಕತೆಯನ್ನು ಗಂಡನಿಗೆ ಹೇಳಿದ್ದೆ. ಅತ್ತೆಗೆ ಹೇಳಿರಲಿಲ್ಲ.

ಅತ್ತೆಯ ಬಗ್ಗೆ ಹೇಳಬೇಕು. ಆಕೆ ಬಳೆಗಾರ್ತಿ. ವಯಸ್ಸಿದ್ದಾಗ ಗಾಜಿನ ಬಳೆಯ ಬುಟ್ಟಿ ತಲೆಯ ಮೇಲೆ ಹೊತ್ತು ಮುಚ್ಚಂಡಿ, ಸೊರಡಿ, ಡಫಳಾಪುರದವರೆಗೆ ನಡೆದವರು. ಆ ಊರುಗಳ ಹೆಣ್ಣುಮಕ್ಕಳ ಮುಂಗೈ ಆಕೆಗೆ ಪರಿಚಯ. ನಾನು ಆ ಮನೆಗೆ ಬರುವ ಹೊತ್ತಿಗೆ ಮೊಣಕಾಲು ಕೈಕೊಟ್ಟು ತಿರುಗಾಟ ನಿಂತುಹೋಗಿತ್ತು. ಬುಟ್ಟಿ ಅಟ್ಟದ ಮೇಲಿತ್ತು. ಹಗಲು ಹೊತ್ತು ಬಾಗಿಲಲ್ಲಿ ಕೂತು, ಹೋಗುವ ಬರುವ ಜನರನ್ನು ನೋಡುತ್ತ, ಅಕ್ಕಿಯಲ್ಲಿನ ಕಲ್ಲಿಗೂ ನನ್ನ ಅಡುಗೆಗೂ ಹೆಸರಿಡುತ್ತಿದ್ದರು. ಆಕೆಯ ಬೇಸರವೆಲ್ಲ ನನ್ನ ಸಾರಿನ ಮೇಲೆ ಇಳಿಯುತ್ತಿದೆ ಎಂದು ನನಗೆ ಆಗ ತಿಳಿಯಲಿಲ್ಲ. ಸಾರೇ ಕೆಟ್ಟದ್ದು ಎಂದುಕೊಂಡಿದ್ದೆ. ಅದೂ ಸುಳ್ಳಲ್ಲ.

ಸೈಕಲ್ಲಿನ ಮಾತು ಎತ್ತಿದಾಗ ಗಂಡ, “ಅಮ್ಮನ ಕೇಳು,” ಎಂದು ಹೇಳಿ ಲಾರಿ ಹತ್ತಿ ಹೋದರು. ನಾನು ಕೇಳಿದೆ. ಅತ್ತೆ ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅಕ್ಕಿ ಆರಿಸುತ್ತಲೇ ಇದ್ದರು. ಕೆಲವು ದಿನ ಹಾಗೇ ಕಳೆಯಿತು. ಓಣಿಯಲ್ಲಿ ಒಬ್ಬಿಬ್ಬರು, ಸೊಸೆಯಾದವಳು ಸೈಕಲ್ ಹೊಡೆಯುವುದು ಚಂದವೇ ಎಂದು ಆಕೆಯ ಕಿವಿಯಲ್ಲಿ ಊದಿದ್ದೂ ನನಗೆ ಗೊತ್ತಿತ್ತು. ಒಂದು ರವಿವಾರ ಮುಂಜಾನೆ ಆಕೆ ಸೆರಗು ಹೊದ್ದು, ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿದ್ದರು.

“ಎಲ್ಲಿಗಿ ಅಮ್ಮಾ?” ಎಂದೆ.

“ಸೈಕಲ್ ಅಂಗಡಿಗಿ. ನಾನೂ ಬರ್ತೀನಿ.”

ಮಾತು ಕನ್ನಡದಲ್ಲಿತ್ತು. ಸಿಟ್ಟಿಲ್ಲ ಎಂದು ಸಮಾಧಾನವಾಯಿತು. ಆದರೆ ಅಂಗಡಿಯಲ್ಲಿ ಏನಾದರೂ ಕೊಂಕು ತೆಗೆದು, ಸೈಕಲ್ಲೇ ಬೇಡ ಎನ್ನಿಸಲಿಕ್ಕೆ ಬರುತ್ತಿದ್ದಾರೆ ಎಂದೇ ನಾನು ನಂಬಿದ್ದೆ. ಪೇಟೆಯವರೆಗೆ ಆಕೆಯ ಮೊಣಕಾಲಿನ ನಡಿಗೆಗೆ ಹೊಂದಿಕೊಂಡು ಹೆಜ್ಜೆ ಹಾಕುತ್ತ, ಬರುವ ತಕರಾರುಗಳಿಗೆಲ್ಲ ಮನಸ್ಸಿನಲ್ಲೇ ಉತ್ತರ ಸಿದ್ಧಮಾಡಿಕೊಂಡೆ.

ನಮ್ಮ ಕೈಯಲ್ಲಿದ್ದ ಹಣಕ್ಕೆ ಅಂಗಡಿಯಲ್ಲಿ ಸಿಗುವಂತಿದ್ದದ್ದು ಎರಡೇ ಸೈಕಲ್. ಒಂದು ನೇರಳೆ ಬಣ್ಣದ್ದು. ತೆಳುವಾದ ಗಾಲಿ, ಮುಂದೆ ಬಿಳಿ ಬುಟ್ಟಿ, ಹ್ಯಾಂಡಲ್ಲಿನ ತುದಿಗೆ ಬಣ್ಣದ ಎಳೆಗಳ ಗೊಂಡೆ. ಕಂಡ ಕೂಡಲೇ ನಾನು ಅದರ ಮೇಲೆ ಕೂತು ಮುಚ್ಚಂಡಿಯ ಅಗಸಿಬಾಗಿಲೊಳಗೆ ಹೋಗುತ್ತಿರುವುದು, ಮಕ್ಕಳೆಲ್ಲ ಓಡಿ ಬರುವುದು, ಎಲ್ಲವೂ ಕಣ್ಣಿಗೆ ಕಟ್ಟಿತು. ಇನ್ನೊಂದು ಕರಿಯದು. ಹೆಂಗಸರು ಹತ್ತಲಿಕ್ಕೆ ಅನುಕೂಲವಾಗುವಂತೆ ನಡುವಿನ ಕೊಳವೆ ಬಾಗಿತ್ತು ಎನ್ನುವುದೊಂದು ಬಿಟ್ಟರೆ ಹಾಲು ಹಾಕುವವರ ಸೈಕಲ್ಲಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ನಾನು ನೇರಳೆಯದರ ಬೆಲ್ ಬಾರಿಸಿ ನೋಡಿದೆ. ಸದ್ದು ಚೆನ್ನಾಗಿತ್ತು.

ಅತ್ತೆ ಅದರ ಸುತ್ತ ಒಂದು ಸುತ್ತು ಬಂದರು. ಅಂಗಡಿಯ ಶೇಠರಿಗೆ, “ಹ್ಯಾಂಡಲ್ ಗಟ್ಟಿ ಹಿಡೀರಿ,” ಎಂದರು. ಶೇಠರು ಹಿಡಿದರು. ಅತ್ತೆ ಸೆರಗು ಬಿಗಿದುಕೊಂಡು, ಹಿಂದಿನ ಕ್ಯಾರಿಯರಿನ ಮೇಲೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತೇಬಿಟ್ಟರು.

ಶೇಠರು ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದರು. ನನ್ನ ಮುಖ ಆಗಲೇ ಬಿಸಿಯಾಗಿತ್ತು. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

“ಮಾವಶಿ, ಸೈಕಲ್ ಹೊಡಿಯಾಕಿ ನಿಮ್ಮ ಸೊಸಿ. ಆಕಿ ಕುಂತ ನೋಡ್ಲಿ,” ಎಂದರು ಶೇಠರು.

“ಆಕಿ ಮುಂದ ಕುಂದರ್ತಾಳ್ರಿ. ಹಿಂದ ಕುಂದ್ರಾಕಿ ನಾನು,” ಎಂದರು ಅತ್ತೆ. ಕೂತಲ್ಲೇ ಎರಡು ಸಲ ಮೈ ಮೇಲೆ ಕೆಳಗೆ ಮಾಡಿ ನೋಡಿದರು. ಕ್ಯಾರಿಯರಿನ ತೆಳು ಸರಳುಗಳು ಕಿರುಗುಟ್ಟಿದವು. “ಇದು ಹಪ್ಪಳ ಇದ್ದಂಗ ಐತಿ,” ಎಂದು ಇಳಿದರು.

ನಾನು ಸಿದ್ಧಮಾಡಿಕೊಂಡು ಬಂದಿದ್ದ ಯಾವ ಉತ್ತರವೂ ಇದಕ್ಕೆ ಹೊಂದುತ್ತಿರಲಿಲ್ಲ. “ಹಿಂದ ಕುಂತು ನೀವು ಎಲ್ಲಿಗಿ ಹೋಗ್ತೀರಿ ಅಮ್ಮಾ?” ಎಂದೆ.

“ಮುಚ್ಚಂಡಿಗಿ. ನೀ ಹೋಗೂದು ಅಲ್ಲಿಗೇ ಅಲ್ಲೇನ? ಶನಿವಾರ ಮುಂಜಾನಿ ಸಾಲಿ, ಮಧ್ಯಾಹ್ನಕ್ಕ ಬಿಡ್ತಾರ ಅಂತ ನೀನ ಹೇಳಿದಿ. ನನ್ನ ಅಗಸ್ಯಾಗ ಇಳಿಸು. ಸಾಲಿ ಬಿಟ್ಟ ಮ್ಯಾಲ ಕರಕೊಂಡ ಬಾ. ಬುಟ್ಟಿ ತೊಡಿ ಮ್ಯಾಲ ಇಟ್ಕೋತೀನಿ. ಗಾಜಿನ ಸಾಮಾನ ಐತಿ, ಅದಕ್ಕ ಕುಂತ ನೋಡಾಕತ್ತೀನಿ.”

ಇಷ್ಟು ದಿನ ಅಕ್ಕಿ ಆರಿಸುತ್ತ ಆಕೆ ಯೋಚಿಸುತ್ತಿದ್ದದ್ದು ಇದನ್ನು. ಸೊಸೆ ಸೈಕಲ್ ಹೊಡೆಯುವುದು ಚಂದವೋ ಅಲ್ಲವೋ ಎಂಬ ಪ್ರಶ್ನೆ ಆಕೆಯ ಹತ್ತಿರ ಸುಳಿದೇ ಇರಲಿಲ್ಲ. ಮತ್ತೆ ಮುಚ್ಚಂಡಿಗೆ ಹೋಗುವ ದಾರಿಯೊಂದು ಕಂಡಿತ್ತು, ಅಷ್ಟೇ. ಶೇಠರು ಕರಿ ಸೈಕಲ್ಲನ್ನು ಮುಂದೆ ತಂದು, ಈ ಸಲ ತಾವಾಗಿಯೇ ಹ್ಯಾಂಡಲ್ ಹಿಡಿದು, “ಬಸಾ ಮಾವಶಿ,” ಎಂದು ಮರಾಠಿಯಲ್ಲಿ ಕೂರಲು ಕರೆದರು.

ಅದರ ಕ್ಯಾರಿಯರ್ ಅಗಲವಾಗಿತ್ತು. ಟಾಯರು ದಪ್ಪ. ಅತ್ತೆ ಕೂತು, ಎರಡೂ ಕೈ ತೊಡೆಯ ಮೇಲೆ ಬುಟ್ಟಿ ಹಿಡಿದವರಂತೆ ಇಟ್ಟುಕೊಂಡು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ನನಗೆ, “ಈಗ ನೀ ಕುಂದ್ರು. ಕಾಲ ನೆಲಕ್ಕ ಮುಟ್ಟತಾವೇನ ನೋಡು. ನೀ ಬಿದ್ರ ನಾನೂ ಬೀಳ್ತೀನಿ,” ಎಂದರು.

ನಾನು ಮನಸ್ಸಿಲ್ಲದ ಮನಸ್ಸಿನಿಂದ ಹತ್ತಿದೆ. ಹೇಳಬೇಕೆಂದರೆ ನಾನು ಅದುವರೆಗೆ ಕೂತ ಸೈಕಲ್‌ಗಳಲ್ಲಿ ಅಷ್ಟು ಸುಖವಾದ ಸೀಟು ಇರಲಿಲ್ಲ. ಕೆಳಗೆ ಎರಡು ಸ್ಪ್ರಿಂಗು. ಹ್ಯಾಂಡಲ್ ಎತ್ತರಕ್ಕಿದ್ದು ಹಿಂದಕ್ಕೆ ಬಾಗಿದ್ದರಿಂದ ಬೆನ್ನು ನೆಟ್ಟಗೆ ಇಟ್ಟುಕೊಂಡೇ ಹಿಡಿಯಬಹುದಿತ್ತು. ನೇರಳೆಯದರ ಮೇಲೆ ಬಗ್ಗಿ ಕೂರಬೇಕಿತ್ತು; ಅಂಗಡಿಯೊಳಗೆ ಅದು ಠೀವಿ, ಕಚ್ಚಾ ದಾರಿಯಲ್ಲಿ ಸೊಂಟನೋವು. ಹಣ ಸ್ವಲ್ಪ ಕಡಿಮೆ ಬಿದ್ದದ್ದರಿಂದ ಡೈನಮೋ ದೀಪ ಬಿಟ್ಟೆವು. ಅದರ ಬದಲು ಸೀರೆಯ ಅಂಚು ಸಿಗದಂತೆ ಚೈನಿಗೆ ಪೂರ್ತಿ ಮುಚ್ಚಳ, ಹಿಂದಿನ ಗಾಲಿಗೆ ಜಾಳಿಗೆ ಹಾಕಿಸಿಕೊಂಡೆವು. ಹೊತ್ತು ಮುಳುಗುವ ಮೊದಲು ಮನೆಗೆ ಬರುವವರಿಗೆ ದೀಪ ಯಾಕೆ ಎಂದರು ಅತ್ತೆ. ನೇರಳೆ ಸೈಕಲ್ಲಿನ ಗೊಂಡೆಯನ್ನಾದರೂ ಬಿಚ್ಚಿ ನನ್ನದಕ್ಕೆ ಕಟ್ಟಿಕೊಡಿರಿ ಎಂದು ಶೇಠರನ್ನು ಕೇಳುವ ಆಸೆ ಬಾಯಿಯವರೆಗೆ ಬಂದಿತ್ತು. ಸಾಲೆಯ ಅಕ್ಕೋರು ಅನ್ನಿಸಿಕೊಂಡವಳು ಹಾಗೆಲ್ಲ ಕೇಳಬಾರದೆಂದು ನುಂಗಿಕೊಂಡೆ.

ಮೊದಲ ಶನಿವಾರ ಇಬ್ಬರೂ ಹೊರಟೆವು. ಅತ್ತೆ ಹಳೆಯ ಕೌದಿಯನ್ನು ಮಡಚಿ ಕ್ಯಾರಿಯರಿಗೆ ಕಟ್ಟಿದ್ದರು. ತೊಡೆಯ ಮೇಲೆ ಬುಟ್ಟಿ, ಒಂದು ಕೈಯಲ್ಲಿ ನನ್ನ ಸೊಂಟದ ಸೀರೆಯ ಹಿಡಿತ. ಮನೆಯಿಂದ ರಸ್ತೆಗೆ ಇಳಿಯುವವರೆಗೆ ಸೈಕಲ್ಲು ಎಡಕ್ಕೆ ಬಲಕ್ಕೆ ವಾಲಾಡಿತು. ಹಿಂದಿನಿಂದ ದುವಾ ಓದುವ ಸದ್ದು ಕೇಳುತ್ತಿತ್ತು. ವಾಲಿದಾಗ ಗಟ್ಟಿಯಾಗಿ, ನೆಟ್ಟಗೆ ಹೋದಾಗ ಮೆಲ್ಲಗೆ. ಏರು ಬಂದಲ್ಲಿ ಇಬ್ಬರೂ ಇಳಿದೆವು. ನಾನು ಸೈಕಲ್ ನೂಕುತ್ತ, ಆಕೆ ಕ್ಯಾರಿಯರ್ ಹಿಡಿದು ಅದರ ಆಸರೆಯಲ್ಲಿ ನಡೆಯುತ್ತ ದಾಟಿದೆವು. ಇಳಿಜಾರಿನಲ್ಲಿ ಗಾಳಿಗೆ ಬಳೆಗಳು ಬುಟ್ಟಿಯೊಳಗೆ ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು.

“ಮುಮ್ತಾಜ,” ಎಂದರು ಅತ್ತೆ ಹಿಂದಿನಿಂದ. “ಲಗೂನ ಹೋಗಬ್ಯಾಡ. ಜ್ವಾಳ ನೋಡೂಣು.”

ಎರಡೂ ಬದಿಗೆ ಜೋಳ ತೆನೆ ಬಿಟ್ಟಿತ್ತು. ಆಕೆ ಅದನ್ನು ಕಂಡು ಎಷ್ಟು ಕಾಲವಾಗಿತ್ತೋ. ನಾನು ಪೆಡಲ್ ನಿಧಾನ ಮಾಡಿದೆ. ಆ ದಿನ ಪ್ರಾರ್ಥನೆ ತಪ್ಪಬಾರದೆಂಬ ಚಿಂತೆ ಇದ್ದರೂ ನಿಧಾನ ಮಾಡಿದೆ, ಪ್ರಾರ್ಥನೆಯೂ ತಪ್ಪಲಿಲ್ಲ.

ಮುಚ್ಚಂಡಿಯಲ್ಲಿ ಅಲ್ಲಿಯವರೆಗೆ ನಾನು ಜತ್ತಿನಿಂದ ಬರುವ ಯಾವಳೋ ಒಬ್ಬ ಅಕ್ಕೋರು. ನೀರು ಕೇಳಿದರೆ ಕೊಡುತ್ತಿದ್ದರು, ಅದರಾಚೆಗೆ ಮಾತಿಲ್ಲ. ಆ ಶನಿವಾರ ಸಾಲೆ ಬಿಟ್ಟು ಅಗಸಿಗೆ ಬಂದರೆ ಅತ್ತೆ ಅಲ್ಲಿರಲಿಲ್ಲ. ಯಾವ ಮನೆ ಎಂದು ಕೇಳಬೇಕಾಗಲೂ ಇಲ್ಲ. ಒಂದು ಕಟ್ಟೆಯ ಸುತ್ತ ಹೆಂಗಸರು ಮುತ್ತಿಕೊಂಡಿದ್ದರು, ನಡುವೆ ಅತ್ತೆ. ಒಬ್ಬಳ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡು, ಹೆಬ್ಬೆರಳ ಬುಡದ ಎಲುಬನ್ನು ಮೆಲ್ಲಗೆ ಒತ್ತುತ್ತ, ಬಳೆ ಏರಿಸುತ್ತ, ಮಾತಾಡಿಸುತ್ತಿದ್ದರು. ಮನೆಯಲ್ಲಿ ನನ್ನ ಸಾರಿಗೆ ಹೆಸರಿಡುವ ಹೆಂಗಸು ಇವರೇನಾ ಎನ್ನಿಸಿತು. ಆಕೆಯ ದನಿಯೇ ಬೇರೆ ಇತ್ತು.

“ಹುಸೇನವ್ವಾ, ಈಕಿ ನಿನ್ನ ಸೊಸಿ ಅಂತ ನಮಗ್ಯಾಕ ಹೇಳಲಿಲ್ಲ?” ಎಂದು ನೀಲವ್ವ ಎಂಬ ಹಿರಿಯಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಕಾಲು ಇದ್ದಿದ್ರ ಬಂದು ಹೇಳತಿದ್ನಿ,” ಎಂದರು ಅತ್ತೆ. “ಈಗ ಕಾಲು ಬಂದಾವ. ಆಕಿವು.”

ಅಂದಿನಿಂದ ಆ ಊರಲ್ಲಿ ನನ್ನ ಹೆಸರು ಹೋಯಿತು. ಹುಸೇನವ್ವನ ಸೊಸಿ ಎನ್ನುವುದೇ ನನ್ನ ಹೆಸರಾಯಿತು. ನಾನು ಮನೆಮನೆಗೆ ಹೋಗಿ ಕರೆದರೂ ಸಾಲೆಗೆ ಬರದಿದ್ದ ಹುಡುಗಿಯರು ಬರತೊಡಗಿದರು. ನೀಲವ್ವನ ಮೊಮ್ಮಗಳು ಅಂಥವರಲ್ಲಿ ಒಬ್ಬಳು. ಅತ್ತೆ ಉಪದೇಶ ಮಾಡಿದವರಲ್ಲ. ಆ ಹುಡುಗಿಯ ಕೈಗೆ ಬಳೆ ಏರಿಸುತ್ತ, “ಈ ಕೈ ಬರಿಯಾಕ ಭಾಳ ಚಲೋ ಐತಿ,” ಎಂದರಂತೆ, ಅಷ್ಟೇ. ಸೋಮವಾರ ನೀಲವ್ವ ತಾನೇ ಹುಡುಗಿಯನ್ನು ಕರೆದುಕೊಂಡು ಬಂದು ನನ್ನ ಮುಂದೆ ಕೂರಿಸಿದಳು.

ಮನೆಯಲ್ಲಿಯೂ ಗಾಳಿ ಬದಲಾಯಿತು. ಸಾರು ಮೊದಲಿನಂತೆಯೇ ಇತ್ತು. ಅದರ ಮಾತು ಮಾತ್ರ ನಿಂತಿತು. ಶುಕ್ರವಾರ ಸಂಜೆ ಇಬ್ಬರೂ ಕೂತು ಬಳೆಗಳನ್ನು ಅಳತೆಯ ಪ್ರಕಾರ ಬೇರೆ ಮಾಡುತ್ತಿದ್ದೆವು. ಯಾರ ಮಗಳು ಬಸುರಿ, ಯಾರಿಗೆ ಯಾವ ಬಣ್ಣ ಆಗಿಬರುವುದಿಲ್ಲ, ಯಾರು ನಗುನಗುತ್ತಲೇ ಚೌಕಾಸಿ ಮಾಡುತ್ತಾಳೆ ಎಂದೆಲ್ಲ ಹೇಳುತ್ತಿದ್ದರು. ಅಂಥ ಒಂದು ಶುಕ್ರವಾರವೇ ಉಳ್ಳಾಗಡ್ಡಿಯ ರಾಶಿಯ ಕತೆಯನ್ನು ನಾನು ಆಕೆಗೆ ಹೇಳಿದ್ದು. ಆಕೆ ನಕ್ಕ ರಭಸಕ್ಕೆ ಕೈಯಲ್ಲಿದ್ದ ಒಂದು ಜೊತೆ ಬಳೆ ಒಡೆಯಿತು. “ಇದನ್ನ ಸೈಕಲ್ ತಗೊಳ್ಳೂಕಿಂತ ಮೊದಲ ಹೇಳಿದ್ರ ನಾ ಹಿಂದ ಕುಂದರತಿದ್ದಿಲ್ಲ,” ಎಂದರು.

ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ನಾನು ಬಸುರಿಯಾದೆ. ಮೊದಲ ತಿಂಗಳುಗಳಲ್ಲಿ ಡಾಕ್ಟರರು ಸೈಕಲ್ ಬೇಡ ಎಂದಿರಲಿಲ್ಲ, ನಾನೂ ಕೇಳಿರಲಿಲ್ಲ. ಒಂದು ಶನಿವಾರ ಹಿಂದಿರುಗುವಾಗ, ಏರು ಇನ್ನೂ ದೂರವಿರುವಾಗಲೇ, ಕಣ್ಣಿಗೆ ಕತ್ತಲೆ ಬಂತು. ಹೇಗೋ ಕಾಲು ನೆಲಕ್ಕೆ ಊರಿದೆ. ಅತ್ತೆ ಜಿಗಿದು ಇಳಿದು ನನ್ನನ್ನು ಹಿಡಿದರು. ಆ ಮೊಣಕಾಲಿನಲ್ಲಿ ಹೇಗೆ ಜಿಗಿದರೋ ನನಗೆ ಇಂದಿಗೂ ತಿಳಿಯದು. ಬೇವಿನ ನೆರಳಲ್ಲಿ ಕೂರಿಸಿ ನೀರು ಕುಡಿಸಿದರು. ದಾರಿಯಲ್ಲಿ ಒಂದು ಗಾಡಿಯೂ ಬರಲಿಲ್ಲ.

“ಏಳು. ಹಿಂದ ಕುಂದ್ರು,” ಎಂದರು.

“ನೀವು ಹೊಡೀತೀರೇನಮ್ಮಾ?”

“ಹೊಡಿಯಾಕ ಬರೂದಿಲ್ಲ. ನೂಕಾಕ ಬರತೈತಿ.”

ಬುಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟು, ಹ್ಯಾಂಡಲ್ ಹಿಡಿದು, ಆಕೆ ನೂಕತೊಡಗಿದರು. ಸೈಕಲ್ ನಮ್ಮದಾದ ಮೇಲೆ ಕ್ಯಾರಿಯರಿನ ಮೇಲೆ ನಾನು ಕೂತದ್ದು ಅದೇ ಮೊದಲು. ಕೌದಿ ಮೆತ್ತಗಿತ್ತು. ಮುಂದೆ ಬರುವ ದಾರಿ ಕಾಣುತ್ತಿರಲಿಲ್ಲ, ಕಾಣುತ್ತಿದ್ದದ್ದು ಆಕೆಯ ಬೆನ್ನು. ಕುಂಟುವ ಪ್ರತಿ ಹೆಜ್ಜೆಗೂ ಅದು ಒಂದು ಬದಿಗೆ ವಾಲಿ ನೆಟ್ಟಗಾಗುತ್ತಿತ್ತು. ಇಳಿಯುತ್ತೇನೆ ಎಂದರೆ ಕೇಳಲಿಲ್ಲ. ಏರಿನಲ್ಲಿಯೂ ಇಳಿಸಲಿಲ್ಲ. ಹೊಲದಲ್ಲಿದ್ದ ಒಬ್ಬ ರೈತ ಓಡಿಬಂದು ಹಿಂದಿನಿಂದ ಕೈ ಹಚ್ಚಿದ. ಮನೆ ಮುಟ್ಟಿದ ಮೇಲೆ ಆಕೆ ಎರಡು ವಾರ ಸರಿಯಾಗಿ ನಡೆಯಲಿಲ್ಲ. ಕೇಳಿದರೆ ದಖನಿಯಲ್ಲಿ ಬೈದರು.

ಸೈಕಲ್ ಗೋಡೆಗೆ ಒರಗಿತು. ಹೆಡ್‌ಮಾಸ್ತರರು ತಮ್ಮ ಗುರುತಿನವರ ಜೀಪಿನಲ್ಲಿ ನನ್ನ ಹೋಗಿಬರುವ ವ್ಯವಸ್ಥೆ ಮಾಡಿಕೊಟ್ಟರು. ಅದರಲ್ಲಿ ಇನ್ನೊಬ್ಬರಿಗೆ ಜಾಗವಿರಲಿಲ್ಲ. ಶನಿವಾರ ಮುಂಜಾನೆ ನಾನು ಹೊರಡುವಾಗ ಅತ್ತೆ ಬಾಗಿಲಲ್ಲಿ ಕೂತಿರುತ್ತಿದ್ದರು, ಮೊರದಲ್ಲಿ ಅಕ್ಕಿ. “ನೀಲವ್ವಗ ಹೇಳು, ಕಾಲ ನೋವೈತಿ ಅಂತ,” ಎನ್ನುತ್ತಿದ್ದರು. ನನ್ನಿಂದಾಗಿ ಎಂದು ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಏಳನೆಯ ತಿಂಗಳು ಬಂತು. ಹಸಿರು ಬಳೆ ಇಟ್ಟು, ಕುಬಸ ಮಾಡಿ, ಸಿಹಿ ಉಣ್ಣಿಸುವುದು ತವರಿನವರ ಕೆಲಸ. ನನ್ನ ತಾಯಿ ನಾನು ಸಾಲೆ ಕಲಿಯುತ್ತಿದ್ದಾಗಲೇ ತೀರಿಕೊಂಡಿದ್ದರು, ಅಪ್ಪನಿಗೆ ಆರೋಗ್ಯವಿರಲಿಲ್ಲ. ಮನೆಯಲ್ಲೇ ನಾವಿಬ್ಬರೇ ಏನೋ ಸ್ವಲ್ಪ ಮಾಡೋಣ ಎಂದು ಅತ್ತೆ ಹೇಳಿದ್ದರು. ಒಂದು ರವಿವಾರ ಮಧ್ಯಾಹ್ನ ಅಂಗಳದಲ್ಲಿ ಮಾತು ಕೇಳಿಸಿತು. ಹೊರಗೆ ಬಂದರೆ ನೀಲವ್ವ, ಅವಳ ಹಿಂದೆ ಮುಚ್ಚಂಡಿಯ ಹೆಂಗಸರ ಒಂದು ಹಿಂಡು, ಕೈಯಲ್ಲಿ ಗಂಟುಗಳು, ಬುತ್ತಿಗಳು, ಒಂದು ಹಸಿರು ಸೀರೆ. ಬಸ್ಸು ಆವತ್ತು ಹೇಗೋ ಬಂದಿತ್ತು.

“ನೀ ಬರಲಿಲ್ಲ,” ಎಂದಳು ನೀಲವ್ವ ಅತ್ತೆಗೆ. “ಅದಕ್ಕ ನಾವ ಬಂದ್ವಿ. ನಮ್ಮ ಅಕ್ಕೋರಿಗಿ ತವರ ಮನಿ ಇಲ್ಲಂತ ಯಾರೋ ಅಂದ್ರು. ಅದೆಂಗ ಆಕ್ಕೈತಿ?”

ಅತ್ತೆಯ ಕಡೆ ನೋಡಿದೆ. ಆಕೆ ಬಾಗಿಲ ಕಟ್ಟು ಹಿಡಿದು ನಿಂತಿದ್ದರು. ಅಷ್ಟು ವರ್ಷ ಆಕೆ ಅವರ ಕಟ್ಟೆಗಳ ಮೇಲೆ ಕೂತಿದ್ದರು, ಅವರು ಕೊಟ್ಟ ನೀರು ಕುಡಿದಿದ್ದರು, ಅವರ ಹೆಣ್ಣುಮಕ್ಕಳ, ಮೊಮ್ಮಕ್ಕಳ ಕೈ ತುಂಬಿದ್ದರು. ಅವರಲ್ಲಿ ಒಬ್ಬರೂ ಈ ಮನೆಯನ್ನು ಕಂಡಿರಲಿಲ್ಲ. ಬಳೆಗಾರ್ತಿಯ ಮನೆಗೆ ಯಾರು ಯಾಕೆ ಬರಬೇಕು, ಬಳೆಯೇ ಬಾಗಿಲಿಗೆ ಬರುವಾಗ. ಆಕೆಗೆ ಕೈ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಒಮ್ಮೆ ಒಳಗೆ ಹೋದರು, ಒಮ್ಮೆ ಹೊರಗೆ ಬಂದರು, ಚಹಾದ ಕಪ್ಪುಗಳು ಸಾಲವು ಎಂದು ದಖನಿಯಲ್ಲಿ ನನಗೆ ಪಿಸುಗುಟ್ಟಿದರು, ನೆರೆಮನೆಗೆ ಹೋಗಿ ತರಲೇ ಎಂದರೆ ನೀನು ಬಸುರಿ, ಓಡಬೇಡ ಎಂದು ಗದರಿದರು.

ಆಮೇಲೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಹೊಸ್ತಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಕನ್ನಡದಲ್ಲಿ, “ಬರ್ರಿ. ಒಳಗ ಬರ್ರಿ. ಕುಂದ್ರಿ,” ಎಂದರು.